ತಲೆನೋವಿನ ಗುಳಿಗೆ ನುಂಗಿದರೂ ತಲೆನೋವು ಬಿಡುತ್ತಿಲ್ಲ: ದಿನವೂ ಇದರೊಂದಿಗೆ ಬದುಕುವುದು ಹೇಗೆ?

ಪ್ರಶ್ನೆ: ಬನಹಟ್ಟಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿದ್ದೇನೆ. ಕಾಲೇಜು ದಿನಗಳಿಂದಲೂ ನನಗೆ ಆಗಾಗ ತಲೆನೋವು ಬರುತ್ತಿತ್ತು. ಮನೆಯ ಹಿರಿಯರು ಇದು ಅರ್ಧಶಿಶಿ, ಅಂದರೆ ಅರೆತಲೆನೋವು ಎಂದು ಹೇಳಿ, ಶುಂಠಿ ತೇಯ್ದು ಹಣೆಗೆ ಹಚ್ಚುತ್ತಿದ್ದರು. ಬಾಗಿಲು ಮುಚ್ಚಿಕೊಂಡು ಒಂದು ರಾತ್ರಿ ಮಲಗಿ ಎದ್ದರೆ ಮರುದಿನ ಏನೂ ಇರುತ್ತಿರಲಿಲ್ಲ. ಎರಡನೆಯ ಮಗು ಹುಟ್ಟಿದ ಮೇಲೆ ಅದು ಪದೇ ಪದೇ ಬರತೊಡಗಿತು. ಈಗಂತೂ ತಲೆ ನೋಯದ ದಿನವೇ ಅಪರೂಪ ಎನ್ನುವ ಸ್ಥಿತಿಗೆ ಬಂದಿದ್ದೇನೆ.

ನನ್ನ ನೋವಿನಲ್ಲಿ ಎರಡು ಬಗೆಗಳಿವೆ. ಹೆಚ್ಚಿನ ದಿನಗಳಲ್ಲಿ ಬೆಳಿಗ್ಗೆ ಏಳುವಾಗಲೇ ತಲೆಯ ಸುತ್ತ ಬಿಗಿತವಿರುತ್ತದೆ. ಅದನ್ನು ಇಟ್ಟುಕೊಂಡೇ ರೊಟ್ಟಿ ಬಡಿದು, ಮಕ್ಕಳಿಗೆ ಡಬ್ಬಿ ಕಟ್ಟಿ, ಶಾಲೆಗೆ ಹೋಗುತ್ತೇನೆ. ವಾರದಲ್ಲಿ ಕೆಲವು ದಿನ ಮಾತ್ರ ಎಡಗಣ್ಣಿನ ಹಿಂದೆ ಶುರುವಾದ ನೋವು ಕಪಾಳಕ್ಕೂ ಕುತ್ತಿಗೆಗೂ ಹಬ್ಬಿ, ನಾಡಿಯ ಜೊತೆ ಬಡಿಯತೊಡಗುತ್ತದೆ. ಆಗ ವಾಕರಿಕೆ ಬರುತ್ತದೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ, ಒಗ್ಗರಣೆಯ ವಾಸನೆಯೂ ಸಹಿಸುವುದಿಲ್ಲ. ನಮ್ಮ ಮನೆಯ ಎರಡೂ ಗೋಡೆಗಳ ಆಚೆ ಪವರ್‌ಲೂಮ್‌ಗಳಿವೆ. ಅಂತಹ ದಿನ ಲಾಳಿ ಆ ಬದಿಯಿಂದ ಈ ಬದಿಗೆ ಹೊಡೆದಾಗಲೆಲ್ಲ ಆ ಪೆಟ್ಟು ನನ್ನ ತಲೆಯೊಳಗೇ ಬಿದ್ದಂತೆ ಆಗುತ್ತದೆ. ಆದರೆ ಮೈದುನಂದಿರ ಸಂಸಾರ ನಡೆಯುವುದೇ ಆ ಮಗ್ಗಗಳಿಂದ. ನಿಲ್ಲಿಸಿ ಎಂದು ಯಾವ ಬಾಯಿಂದ ಹೇಳಲಿ?

ಮಿರಜಕ್ಕೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದೆ, ಅದರಲ್ಲಿ ಏನೂ ಇಲ್ಲ ಎಂದರು. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕದ ನಂಬರು ಬದಲಿಸಿದೆ. ಒಬ್ಬರು ಸೈನಸ್ ಎಂದು ಹೇಳಿ ಬಹಳ ದಿನ ಔಷಧ ಕೊಟ್ಟರು. ಸ್ಕ್ಯಾನ್ ಸರಿಯಾಗಿದೆ ಎಂದು ಗೊತ್ತಾದ ಮೇಲೆ ಮನೆಯಲ್ಲಿ ನನ್ನ ನೋವಿಗಿದ್ದ ಬೆಲೆಯೂ ಕಡಿಮೆಯಾಯಿತು. 'ಏನೂ ಇಲ್ಲವಂತೆ, ಟೆನ್ಶನ್ ಮಾಡಿಕೊಳ್ಳುತ್ತಾಳೆ' ಎಂದು ಅತ್ತೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಅವರು ಕೆಟ್ಟವರಲ್ಲ, ನನ್ನ ಮಕ್ಕಳನ್ನು ನೋಡಿಕೊಳ್ಳುವವರೂ ಅವರೇ. ಆದರೂ ಆ ಮಾತು ಕೇಳಿದಾಗ ಬಹಳ ನೋವಾಗುತ್ತದೆ.

ಸದ್ಯಕ್ಕೆ ನನ್ನನ್ನು ನಡೆಸುತ್ತಿರುವುದು ಔಷಧ ಅಂಗಡಿಯ ಗುಳಿಗೆ. ಮೊದಲು ಒಂದು ನುಂಗಿದರೆ ಇಡೀ ದಿನ ಸಾಗುತ್ತಿತ್ತು. ಈಗ ಬೆಳಿಗ್ಗೆ ನುಂಗಿದ್ದು ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಮುಗಿದುಹೋಗುತ್ತದೆ. ಗುಳಿಗೆ ಇಲ್ಲದ ದಿನ ತಲೆ ಎತ್ತಲು ಆಗುವುದಿಲ್ಲ. ಇದು ಹೀಗೆಯೇ ಇರುತ್ತದೆಯೇ? ಯಾವ ವೈದ್ಯರ ಬಳಿ ಹೋಗಬೇಕು? ಇದನ್ನು ಅನುಭವಿಸುತ್ತಲೇ ನೌಕರಿಯನ್ನೂ ಮನೆಯನ್ನೂ ನಡೆಸುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ಔಷಧ ಅಂಗಡಿಯವರು, ವಿಜಯಪುರ

ಅಕ್ಕಾವರೇ, ನಾನು ವೈದ್ಯನಲ್ಲ. ವಿಜಯಪುರದಲ್ಲಿ ಬಹಳ ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ನಿಮ್ಮ ಪ್ರಶ್ನೆಯ ಕೊನೆಯ ಭಾಗವನ್ನು ಓದಿದಾಗ ನಮ್ಮ ಅಂಗಡಿಗೆ ಬರುವ ಎಷ್ಟೋ ಮುಖಗಳು ಕಣ್ಣ ಮುಂದೆ ಬಂದವು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ 'ತಲಿಶೂಲಿ ಗುಳಗಿ ಕೊಡ್ರಿ' ಎಂದು ಬರುವವರಲ್ಲಿ ಬಹಳ ಮಂದಿ ಹಿಂದಿನ ದಿನವೂ ಬಂದವರೇ ಆಗಿರುತ್ತಾರೆ.

ನೀವು ನುಂಗುತ್ತಿರುವ ಗುಳಿಗೆಯ ಪಟ್ಟಿಯನ್ನು ತಿರುಗಿಸಿ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಎಂದು ಓದಿ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಔಷಧ ಯಾವುದು ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಅಲ್ಲಿ ಪ್ಯಾರಾಸಿಟಮಾಲ್ ಒಂದೇ ಇದೆಯೇ, ಅದರ ಜೊತೆ ಕೆಫೀನ್ ಇದೆಯೇ, ಡೈಕ್ಲೊಫೆನಾಕ್ ಅಥವಾ ಅಸೆಕ್ಲೊಫೆನಾಕ್ ಇದೆಯೇ, ಎರ್ಗೊಟಮೈನ್ ಇದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜ್ವರಕ್ಕೆ ಒಂದು, ನೆಗಡಿಗೆ ಒಂದು, ಮೈಕೈ ನೋವಿಗೆ ಒಂದು ಎಂದು ಬೇರೆ ಬೇರೆ ಹೆಸರಿನಲ್ಲಿ ಒಯ್ಯುವ ಮೂರು ಗುಳಿಗೆಗಳಲ್ಲೂ ಪ್ಯಾರಾಸಿಟಮಾಲ್ ಇರುವುದನ್ನು ನಾನು ದಿನವೂ ನೋಡುತ್ತೇನೆ. ಆರೋಗ್ಯವಂತ ವಯಸ್ಕರಿಗೆ ಅದರ ಮಿತಿ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಗುಳಿಗೆಗಳು. ಅದನ್ನು ಮೀರಿದರೆ ಯಕೃತ್ತಿಗೆ ಪೆಟ್ಟು. ಡೈಕ್ಲೊಫೆನಾಕ್ ಜಾತಿಯ ಔಷಧವನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ತೊಂದರೆಯಾಗುತ್ತದೆ. ನಮ್ಮ ಬಿಸಿಲಿನಲ್ಲಿ ನೀರು ಕಡಿಮೆ ಕುಡಿಯುವವರಿಗೆ ಆ ಅಪಾಯ ಇನ್ನೂ ಹೆಚ್ಚು.

ಎರ್ಗೊಟಮೈನ್ ಇರುವ ಗುಳಿಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅರೆತಲೆನೋವಿಗೆಂದೇ ಮಾರಾಟವಾಗುವ ಇದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಇದನ್ನು ಮುಟ್ಟಬಾರದು. ಕೈಕಾಲು ಬೆರಳುಗಳು ತಣ್ಣಗಾಗಿ ಜೋಮು ಹಿಡಿದರೆ ಕೂಡಲೇ ವೈದ್ಯರಿಗೆ ಹೇಳಬೇಕು.

ಇವತ್ತಿನಿಂದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಆರಂಭಿಸಿ. ತಲೆ ನೋಯ್ದ ದಿನಕ್ಕೆ ಒಂದು ಗೆರೆ, ಬಡಿಯುವ ನೋವು ಬಂದಿದ್ದರೆ ಎರಡು ಗೆರೆ, ಗುಳಿಗೆ ನುಂಗಿದ ದಿನಕ್ಕೆ ಒಂದು ಸುತ್ತು, ತಿಂಗಳ ಮುಟ್ಟಿನ ದಿನಗಳಿಗೆ ಬೇರೆ ಗುರುತು. ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನೂ ಗುಳಿಗೆಯ ಖಾಲಿ ಪಟ್ಟಿಗಳನ್ನೂ ಒಯ್ಯಿರಿ. ನಿಮ್ಮ ಬಾಯಿಮಾತಿಗಿಂತ ಅದು ಅವರಿಗೆ ಹೆಚ್ಚು ಹೇಳುತ್ತದೆ.

ಉತ್ತರ 2: ವೈದ್ಯಾಧಿಕಾರಿ, ಬೆಳಗಾವಿ ಜಿಲ್ಲೆ

ಮೇಲಿನವರು ಕೊಟ್ಟ ಸಲಹೆ ಸರಿಯಾಗಿದೆ, ಅಲ್ಲಿಂದಲೇ ಮುಂದುವರಿಸುತ್ತೇನೆ. ತಮ್ಮನ್ನು ಪರೀಕ್ಷಿಸದೆ ಇದೇ ಕಾಯಿಲೆ ಎಂದು ನಾನು ಹೇಳಲಾಗದು. ಆದರೆ ತಾವು ಬರೆದಿರುವ ಲಕ್ಷಣಗಳು, ಅಂದರೆ ಒಂದು ಬದಿಯ ಬಡಿತದ ನೋವು, ವಾಕರಿಕೆ, ಬೆಳಕು ಮತ್ತು ಸದ್ದಿನ ಅಸಹನೆ, ಇವೆಲ್ಲವೂ ಮೈಗ್ರೇನ್, ಅಂದರೆ ಅರೆತಲೆನೋವಿನ ಕಡೆಗೇ ಬೆರಳು ತೋರುತ್ತವೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ, ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನವಾದರೂ ಮೈಗ್ರೇನ್ ಸ್ವರೂಪದ್ದಾಗಿದ್ದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತೇವೆ.

ಸ್ಕ್ಯಾನ್ ಸರಿಯಾಗಿ ಬಂದದ್ದು ಒಳ್ಳೆಯ ಸುದ್ದಿ. ಅದರಿಂದ ತಮ್ಮ ನೋವು ಸುಳ್ಳಾಗುವುದಿಲ್ಲ. ಮೈಗ್ರೇನ್‌ನಲ್ಲಿ ಗಡ್ಡೆಯೋ ರಕ್ತಸ್ರಾವವೋ ಇರುವುದಿಲ್ಲ. ಮಿದುಳಿನ ಪೊರೆಗಳಿಗೂ ಅಲ್ಲಿನ ರಕ್ತನಾಳಗಳಿಗೂ ಸಂಬಂಧಿಸಿದ ನರಜಾಲವು ಬೇಗನೆ ಕೆರಳುತ್ತದೆ, ಕೆರಳಿದ್ದು ಬೇಗ ಶಾಂತವಾಗುವುದಿಲ್ಲ. ಈ ಗುಣ ಬಹುಮಟ್ಟಿಗೆ ವಂಶದಲ್ಲಿ ಬರುತ್ತದೆ, ಮತ್ತು ಅದು ಸ್ಕ್ಯಾನ್ ಚಿತ್ರದಲ್ಲಿ ಕಾಣುವಂಥದ್ದಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಗ್ರಾಮಾಂತರ ಭಾಗಗಳಲ್ಲಿ 18ರಿಂದ 65 ವಯಸ್ಸಿನವರ ನಡುವೆ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು 25 ಜನರಿಗೆ ಮೈಗ್ರೇನ್ ಇದ್ದದ್ದು ಕಂಡುಬಂದಿತು. ತಿಂಗಳಲ್ಲಿ 15 ದಿನಕ್ಕೂ ಮಿಗಿಲಾಗಿ ತಲೆನೋವಿದ್ದವರು ನೂರಕ್ಕೆ ಸುಮಾರು 3 ಜನ. ಅತ್ತೆಯವರಿಗೆ ಈ ಅಂಕಿಗಳನ್ನು ತಾವು ಓದಿ ಹೇಳಬಹುದು. ಸೈನಸ್ ಎಂದು ಹೇಳಿಸಿಕೊಂಡು ಬರುವವರಲ್ಲಿ ಬಹಳ ಜನರಿಗೆ ನಿಜವಾಗಿ ಇರುವುದು ಮೈಗ್ರೇನೇ, ಏಕೆಂದರೆ ಮೈಗ್ರೇನ್ ಬಂದಾಗಲೂ ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು ಸಾಮಾನ್ಯ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗುಳಿಗೆಯ ಪರಿಣಾಮ ಕುಗ್ಗುತ್ತಾ ಬಂದಿದೆ, ಬೆಳಿಗ್ಗೆ ಏಳುವಾಗಲೇ ನೋವಿರುತ್ತದೆ, ಗುಳಿಗೆ ತಪ್ಪಿದ ದಿನ ನೋವು ಹೆಚ್ಚುತ್ತದೆ ಎಂದು ತಾವು ಬರೆದಿದ್ದೀರಿ. ಮೈಗ್ರೇನ್ ಇರುವವರು ನೋವಿನ ಔಷಧವನ್ನು ಅತಿಯಾಗಿ ಬಳಸಿದಾಗ ಆ ಔಷಧವೇ ತಲೆನೋವನ್ನು ಮುಂದುವರಿಸತೊಡಗುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂತಹ ಸರಳ ಔಷಧವಾದರೆ ತಿಂಗಳಿಗೆ 15 ದಿನ, ಮಿಶ್ರಣದ ಗುಳಿಗೆ, ಎರ್ಗೊಟಮೈನ್ ಅಥವಾ ಟ್ರಿಪ್ಟಾನ್ (ಮೈಗ್ರೇನ್ ನೋವು ಬಂದಾಗ ಕೊಡುವ ಔಷಧ) ಆದರೆ 10 ದಿನ. ಹೀಗೆ ಮೂರು ತಿಂಗಳು ಮೀರಿ ಬಳಸುತ್ತಾ ಬಂದರೆ ಈ ಸ್ಥಿತಿಯನ್ನು ಅನುಮಾನಿಸಬೇಕು. ಎಷ್ಟು ಗುಳಿಗೆ ಎಂಬುದಕ್ಕಿಂತ ಎಷ್ಟು ದಿನ ಎಂಬುದೇ ಇಲ್ಲಿ ಮುಖ್ಯ ಎಂಬುದನ್ನು ಗಮನಿಸಿ. ದಿನಕ್ಕೆ ಅರ್ಧ ಗುಳಿಗೆ ಮಾತ್ರ ನುಂಗುತ್ತೇನೆ ಎನ್ನುವವರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ಇದು ಚಟವಲ್ಲ, ದುರ್ಬಲ ಮನಸ್ಸಿನ ಲಕ್ಷಣವೂ ಅಲ್ಲ. ನೋವಿನಲ್ಲಿರುವವರು ಕೈಗೆ ಸಿಕ್ಕ ಪರಿಹಾರವನ್ನು ಬಳಸುವುದು ಸಹಜ, ಆದರೆ ಇಂತಹದೊಂದು ಮಿತಿ ಇದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಆ ಗುಳಿಗೆಯನ್ನು ನಿಲ್ಲಿಸಿದಾಗ ಮೊದಲ 2ರಿಂದ 10 ದಿನಗಳು ಕಷ್ಟವಾಗುತ್ತವೆ. ನೋವು ಹೆಚ್ಚಬಹುದು, ವಾಂತಿ, ನಿದ್ರಾಹೀನತೆ, ಕಳವಳ ಕಾಣಿಸಬಹುದು. ಆನಂತರ ವಾರಗಳು ಕಳೆದಂತೆ ನೋವಿಲ್ಲದ ದಿನಗಳು ನಿಧಾನವಾಗಿ ಮರಳಿ ಬರುತ್ತವೆ. ಪ್ಯಾರಾಸಿಟಮಾಲ್‌ನಂತಹ ಸರಳ ಔಷಧವನ್ನು ಒಮ್ಮೆಲೇ ನಿಲ್ಲಿಸಬಹುದು. ಟ್ರಾಮಡಾಲ್, ಕೊಡೀನ್‌ನಂತಹ ಅಫೀಮು ಜಾತಿಯ ನೋವಿನ ಔಷಧ ಅಥವಾ ನಿದ್ದೆಯ ಗುಳಿಗೆ ಸೇರಿದ್ದರೆ ವೈದ್ಯರ ನಿಗಾದಲ್ಲಿ ಹಂತಹಂತವಾಗಿಯೇ ಇಳಿಸಬೇಕು.

ನಿಲ್ಲಿಸುವುದರ ಜೊತೆಗೆ, ನೋವು ಬರದಂತೆ ತಡೆಯುವ ಔಷಧವನ್ನು ಆರಂಭಿಸಬೇಕಾಗುತ್ತದೆ. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಫ್ಲುನಾರಿಜಿನ್ ಇವೆಲ್ಲ ಬಹಳ ಕಾಲದಿಂದ ಬಳಕೆಯಲ್ಲಿರುವ, ಹೆಚ್ಚು ಬೆಲೆಯಿಲ್ಲದ ಔಷಧಗಳು. ಯಾರಿಗೆ ಯಾವುದು ಎಂಬುದನ್ನು ದೇಹಸ್ಥಿತಿ ನೋಡಿ ನಿರ್ಧರಿಸುತ್ತಾರೆ. ಆಸ್ತಮಾ ಇದ್ದವರಿಗೆ ಪ್ರೊಪ್ರನಲಾಲ್ ಕೊಡುವುದಿಲ್ಲ. ಅಮಿಟ್ರಿಪ್ಟಿಲಿನ್‌ನಿಂದ ನಿದ್ದೆ ಸುಧಾರಿಸುತ್ತದೆ, ಆದರೆ ಬಾಯಿ ಒಣಗುತ್ತದೆ, ತೂಕ ಹೆಚ್ಚಬಹುದು. ಟೋಪಿರಮೇಟ್‌ನಿಂದ ಬೆರಳುಗಳಲ್ಲಿ ಜುಮುಜುಮು ಎನ್ನಿಸಬಹುದು. ಗರ್ಭಧಾರಣೆಯ ಸಾಧ್ಯತೆ ಇರುವವರಿಗೆ ಅದು ಸೂಕ್ತವಲ್ಲ, ಇದೇ ಉದ್ದೇಶಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಅಂತೂ ಬೇಡವೇ ಬೇಡ. ಅಮಿಟ್ರಿಪ್ಟಿಲಿನ್ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಖಿನ್ನತೆಯ ಔಷಧ ಎಂದು ಕಾಣುತ್ತದೆ. ಅದನ್ನು ಓದಿ, ವೈದ್ಯರೂ ನನ್ನನ್ನು ಮನೋರೋಗಿ ಎಂದುಕೊಂಡರು ಎಂದು ನೊಂದು ಗುಳಿಗೆ ಎಸೆದವರನ್ನು ನಾನು ಬಲ್ಲೆ. ತಲೆನೋವಿಗೆ ಅದನ್ನು ಕೊಡುವುದು ಬಹಳ ಸಣ್ಣ ಪ್ರಮಾಣದಲ್ಲಿ, ನೋವಿನ ನರಮಾರ್ಗವನ್ನು ಶಾಂತಗೊಳಿಸುವುದಕ್ಕಾಗಿ.

ಈ ಔಷಧಗಳು ಆ ದಿನದ ನೋವನ್ನು ಆ ದಿನವೇ ನಿಲ್ಲಿಸುವುದಿಲ್ಲ. ಫಲ ಇದೆಯೋ ಇಲ್ಲವೋ ಎಂದು ತಿಳಿಯಲು 8ರಿಂದ 12 ವಾರ ಬೇಕು. ತಿಂಗಳ ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಅದನ್ನು ಒಳ್ಳೆಯ ಫಲಿತಾಂಶ ಎಂದೇ ಪರಿಗಣಿಸುತ್ತೇವೆ. ಹತ್ತು ದಿನ ನುಂಗಿ, ಏನೂ ಆಗಲಿಲ್ಲ ಎಂದು ಬಿಟ್ಟು, ಬೇರೆ ಊರಿನ ವೈದ್ಯರ ಬಳಿ ಹೋಗಿ ಮೊದಲಿನಿಂದ ಶುರು ಮಾಡುವವರಿಗೆ ಯಾವ ಔಷಧವೂ ಹತ್ತುವುದಿಲ್ಲ. ಇವು ಸಾಲದಿದ್ದರೆ ಮುಂದಿನ ದಾರಿಗಳೂ ಇವೆ. ದೀರ್ಘಕಾಲಿಕ ಮೈಗ್ರೇನ್‌ಗೆ ಬೊಟುಲಿನಮ್ (ಬೊಟಾಕ್ಸ್) ಚುಚ್ಚುಮದ್ದಿಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು. ಮೈಗ್ರೇನ್‌ಗೆಂದೇ ರೂಪಿಸಿದ, ಸಿಜಿಆರ್‌ಪಿ ಎಂಬ ನರ-ಸಂದೇಶವಾಹಕವನ್ನು ತಡೆಯುವ ಚುಚ್ಚುಮದ್ದುಗಳು 2018ರಿಂದ ಬಂದಿವೆ. ಇವುಗಳ ಬೆಲೆ ನಮ್ಮ ಜನರಿಗೆ ಭಾರ; ಮೊದಲು ಅಗ್ಗದ ಔಷಧಗಳನ್ನೇ ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಬಳಸಿ ನೋಡಬೇಕು.

ತಾವು ನರರೋಗ ತಜ್ಞರನ್ನು, ಅಂದರೆ ನ್ಯೂರಾಲಜಿ ವಿಭಾಗದವರನ್ನು ಕಾಣುವುದು ಒಳ್ಳೆಯದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಊರುಗಳಲ್ಲೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಗಳ ಜೊತೆ ತಲೆನೋವೂ ಸೇರಿದೆ. ಅದರ ಬ್ರೈನ್ ಹೆಲ್ತ್ ಕ್ಲಿನಿಕ್ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಕೆಳಗಿನ ಯಾವುದಾದರೂ ಕಂಡರೆ ಮಾತ್ರ ಕಾಯದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು: ಹಿಂದೆಂದೂ ಇಲ್ಲದಷ್ಟು ತೀವ್ರವಾಗಿ, ಕ್ಷಣಮಾತ್ರದಲ್ಲಿ ತುತ್ತತುದಿಗೆ ಏರಿದ ನೋವು, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, ದೃಷ್ಟಿ ಮಂಕಾಗುವುದು ಅಥವಾ ಪ್ರಜ್ಞೆ ತಪ್ಪುವುದು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವನ್ನೂ, ಗರ್ಭಿಣಿ ಅಥವಾ ಬಾಣಂತಿಯ ಹೊಸ ತಲೆನೋವನ್ನೂ ಮೈಗ್ರೇನ್ ಎಂದು ತಾವೇ ತೀರ್ಮಾನಿಸಬಾರದು.

ಉತ್ತರ 3: ಶಹಾಪುರ, ಬೆಳಗಾವಿ

ತಂಗಿ, ಔಷಧದ ಮಾತನ್ನು ಡಾಕ್ಟರ್ ಸಾಹೇಬರು ಹೇಳಿದ್ದಾರೆ. ಅದನ್ನಿಟ್ಟುಕೊಂಡು ಬದುಕು ಸಾಗಿಸುವ ಮಾತನ್ನು ನಾನು ಹೇಳುತ್ತೇನೆ. ನಾನು ಸಹಕಾರಿ ಬ್ಯಾಂಕೊಂದರಲ್ಲಿ ಕೌಂಟರಿನ ಕೆಲಸದಲ್ಲಿದ್ದೇನೆ, ಮೈಗ್ರೇನ್ ನನ್ನ ಮದುವೆಗಿಂತಲೂ ಹಳೆಯದು. ತಡೆಯುವ ಔಷಧದಿಂದ ನನ್ನ ನೋವಿನ ದಿನಗಳು ಬಹಳ ಇಳಿದಿವೆ, ಪೂರ್ತಿ ಹೋಗಿಲ್ಲ. ಪೂರ್ತಿ ಹೋಗಲಿ ಎಂದು ಕಾಯುತ್ತಾ ಕುಳಿತಿದ್ದರೆ ನಾನು ಏನನ್ನೂ ಮಾಡುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ತಲೆನೋವಿಗೆ ಮೊದಲ ಕಾರಣ ಹಸಿವು. ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಮೂರು ಗಂಟೆಗೆ ತಿನ್ನುವ ಪದ್ಧತಿಯನ್ನು ನಾನು ಬಿಟ್ಟೆ. ಶಾಲೆಗೆ ಹೋಗುವ ಮುನ್ನ ಅರ್ಧ ರೊಟ್ಟಿಯಾದರೂ ಹೊಟ್ಟೆಗೆ ಬೀಳಬೇಕು. ಪರ್ಸಿನಲ್ಲಿ ಒಂದು ಶೇಂಗಾ ಉಂಡಿಯೋ ಬಾಳೆಹಣ್ಣೋ ಇರಬೇಕು. ಶ್ರಾವಣ ಸೋಮವಾರ, ಏಕಾದಶಿ, ಸಂಕಷ್ಟಿ ಎಂದು ನಿರಾಹಾರ ಇರುವುದು ನಮ್ಮಂಥವರಿಗೆ ಆಗಿಬರುವುದಿಲ್ಲ. ನಾನು ವ್ರತ ಬಿಡಲಿಲ್ಲ, ನಿರಾಹಾರ ಬಿಟ್ಟೆ. ಹಣ್ಣು, ಹಾಲು, ಸಾಬುದಾಣಿ ಖಿಚಡಿಯನ್ನು ಹೊತ್ತುಹೊತ್ತಿಗೆ ತೆಗೆದುಕೊಳ್ಳುತ್ತೇನೆ, ನೀರನ್ನಂತೂ ಎಂದೂ ಬಿಡುವುದಿಲ್ಲ. ಚಹಾದ ವಿಷಯದಲ್ಲೂ ಇದೇ ಮಾತು. ದಿನಕ್ಕೆ ನಾಲ್ಕೈದು ಕಪ್ ಕುಡಿಯುವವರು ಒಂದು ದಿನ ಒಮ್ಮೆಲೇ ಬಿಟ್ಟರೆ ಅದರಿಂದಲೇ ತಲೆ ನೋಯುತ್ತದೆ. ಎರಡು ಕಪ್ಪಿಗೆ ನಿಧಾನವಾಗಿ ಇಳಿಸಿ, ದಿನವೂ ಅದೇ ಹೊತ್ತಿಗೆ ಕುಡಿಯುವುದು ಉತ್ತಮ.

ಎರಡನೆಯದು, ತಲೆ ತೊಳೆಯುವುದು. ಇದನ್ನು ಹೇಳಿದರೆ ಕೆಲವರು ನಗುತ್ತಾರೆ, ಆದರೆ ತಲೆಸ್ನಾನದಿಂದ ಮೈಗ್ರೇನ್ ಕೆರಳುವ ಬಗ್ಗೆ ಮುಂಬೈಯ ತಜ್ಞರೊಬ್ಬರು 94 ಭಾರತೀಯ ರೋಗಿಗಳನ್ನು ಗಮನಿಸಿ 2006ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಉದ್ದ ಕೂದಲಿನವರು ತಲೆ ತೊಳೆದು, ಹಸಿ ಕೂದಲನ್ನು ಗಂಟು ಹಾಕಿಕೊಂಡು ಬಿಸಿಲಿಗೆ ಹೊರಟರೆ ಸಂಜೆಗೆ ನೋವು ಖಚಿತ ಎಂಬುದು ನನ್ನ ಅನುಭವ. ನಾನು ರಜೆಯ ದಿನ, ತಿಂಡಿ ತಿಂದ ಮೇಲೆ ಬೆಚ್ಚನೆಯ ನೀರಿನಲ್ಲಿ ತೊಳೆದು, ಕೂದಲು ಪೂರ್ತಿ ಒಣಗುವವರೆಗೆ ಹೊರಗೆ ಹೋಗುವುದಿಲ್ಲ. ಸವದತ್ತಿ ಗುಡ್ಡಕ್ಕೆ ಹುಣ್ಣಿಮೆಗೆ ಹೋಗುವ ದಿನವೇ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ಉಪವಾಸವಿದ್ದು, ಡೀಸೆಲ್ ವಾಸನೆಯ ಬಸ್ಸಿನಲ್ಲಿ ಕುಳಿತರೆ ಮೂರೂ ಒಂದಕ್ಕೊಂದು ಸೇರುತ್ತವೆ. ಒಂದೊಂದನ್ನೇ ತಡೆದುಕೊಳ್ಳುವ ತಲೆ, ಮೂರನ್ನೂ ಒಟ್ಟಿಗೆ ತಡೆಯುವುದಿಲ್ಲ.

ಆದರೆ ಎಲ್ಲದಕ್ಕೂ ಕಾರಣ ಹುಡುಕುತ್ತಾ ಹೋಗಬೇಡ. ನೋವಿಗೆ ಮುನ್ನ ಕೆಲವು ಗಂಟೆಗಳಿಂದಲೇ ಆಕಳಿಕೆ ಬರುವುದು, ಕುತ್ತಿಗೆ ಹಿಡಿಯುವುದು, ಸಿಹಿ ತಿನ್ನಬೇಕೆನಿಸುವುದು ನನಗಿದೆ. ಬಹಳ ಕಾಲ ನಾನು ಸಿಹಿ ತಿಂದದ್ದರಿಂದ ನೋವು ಬಂತು ಎಂದುಕೊಂಡಿದ್ದೆ. ನೋವು ಒಳಗೆ ಆಗಲೇ ಶುರುವಾಗಿದ್ದರಿಂದ ಸಿಹಿ ಬೇಕೆನಿಸಿತು ಎಂದು ಡಾಕ್ಟರು ವಿವರಿಸಿದರು. ಇದು ತಿಳಿಯದೆ ಒಂದೊಂದೇ ಪದಾರ್ಥ ಬಿಡುತ್ತಾ ಹೋದರೆ ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ನೋವು ಮಾತ್ರ ಉಳಿಯುತ್ತದೆ.

ಮಗ್ಗದ ಸದ್ದನ್ನು ನಿಲ್ಲಿಸಲಾಗದಿದ್ದರೆ ಮಲಗುವ ಕೋಣೆಯನ್ನು ಬದಲಿಸಲು ಸಾಧ್ಯವೇ ನೋಡು. ಮಗ್ಗಕ್ಕೆ ತಾಗದ ಗೋಡೆಯ ಕಡೆ ತಲೆ ಇಟ್ಟು ಮಲಗುವುದೂ ಉಪಯೋಗಕ್ಕೆ ಬರುತ್ತದೆ. ಆದರೆ ಇಡೀ ದಿನ ಕಿವಿಗೆ ಹತ್ತಿ ಇಟ್ಟುಕೊಂಡು, ಕತ್ತಲೆಯಲ್ಲಿ ಕೂರುವ ರೂಢಿ ಬೇಡ. ಅದರಿಂದ ಸಣ್ಣ ಸದ್ದು, ಸಣ್ಣ ಬೆಳಕೂ ಸಹಿಸದಂತೆ ಆಗುತ್ತದೆ. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸುವ ಬದಲು ನೆರಳಿನ ಬದಿಗೆ ನಿಲ್ಲಿಸಿದರೆ ನಿನಗೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು. ನಿದ್ದೆಯ ಹೊತ್ತು ರಜೆಯ ದಿನವೂ ಬದಲಾಗಬಾರದು. ನಾನು ಸಂಜೆ ಕೋಟೆ ಕೆರೆಯ ಸುತ್ತ ನಡೆಯುತ್ತೇನೆ. ನೋವಿಲ್ಲದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಏಟಿಗೆ ಮುಗಿಸುತ್ತೇನೆ ಎಂದು ಹೊರಟರೆ ಮರುದಿನ ಹಾಸಿಗೆಯೇ ಗತಿ, ಆದ್ದರಿಂದ ಒಳ್ಳೆಯ ದಿನವೂ ಅಳತೆಯಲ್ಲಿ ಕೆಲಸ ಮಾಡುವುದನ್ನು ರೂಢಿಸಿಕೊಂಡೆ. ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಇದನ್ನು ಕಲಿಯುವುದಕ್ಕೇ.

ಉತ್ತರ 4: ಇಳಕಲ್‌ನಿಂದ

ನನ್ನ ಹೆಂಡತಿಗೂ ಇದೇ ಕಾಯಿಲೆ ಇದೆ, ಆದ್ದರಿಂದ ಮನೆಯ ಗಂಡಸರಿಗೆ ಒಂದು ಮಾತು. ನೋವಿನಲ್ಲಿರುವವರನ್ನು ಗಂಟೆಗೊಮ್ಮೆ 'ಕಡಿಮೆ ಆಯಿತೇ?' ಎಂದು ಕೇಳಬೇಡಿ. ಕೇಳಿದಾಗಲೆಲ್ಲ ಅವರು ನಮ್ಮ ಸಮಾಧಾನಕ್ಕಾಗಿ ಉತ್ತರ ಕೊಡಬೇಕಾಗುತ್ತದೆ. ಅದರ ಬದಲು ಒಲೆಯ ಮುಂದಿನ ಕೆಲಸವನ್ನು ತೆಗೆದುಕೊಳ್ಳಿ, ಟಿವಿಯ ಸದ್ದು ಇಳಿಸಿ, ಮಕ್ಕಳನ್ನು ಹೊರಗೆ ಕರೆದೊಯ್ಯಿರಿ, ಒಂದು ತಂಬಿಗೆ ನೀರನ್ನು ಹಾಸಿಗೆಯ ಬಳಿ ಇಟ್ಟು ಬನ್ನಿ. ಆಸ್ಪತ್ರೆಗೆ ಹೋಗುವಾಗಲೂ ಜೊತೆಗೆ ಹೋಗಿ ಒಳಗೆ ಕುಳಿತುಕೊಳ್ಳಿ. ಸ್ಕ್ಯಾನ್‌ನಲ್ಲಿ ಏನೂ ಇಲ್ಲದಿದ್ದರೂ ಕಾಯಿಲೆ ಇದೆ ಎಂಬುದನ್ನು ವೈದ್ಯರ ಬಾಯಿಂದ ನೇರವಾಗಿ ಕೇಳಿದ ಮೇಲೆ, ನಮ್ಮ ತಾಯಿಗೆ ಅದನ್ನು ತಿಳಿಸಿ ಹೇಳುವ ಕೆಲಸ ನನ್ನದಾಯಿತು. ಅಲ್ಲಿಯವರೆಗೆ ಆ ಭಾರವನ್ನೂ ಅವಳೇ ಹೊತ್ತಿದ್ದಳು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೈಮುಗಿದು ವಂದಿಸುತ್ತೇನೆ. ಪಟ್ಟಿಯನ್ನು ತಿರುಗಿಸಿ ನೋಡಿದೆ: ಪ್ಯಾರಾಸಿಟಮಾಲ್, ಕೆಫೀನ್ ಮತ್ತು ಇನ್ನೊಂದು ನೋವಿನ ಔಷಧ ಸೇರಿದ ಮಿಶ್ರಣ ಅದು. ಹಳೆಯ ಪಟ್ಟಿಗಳನ್ನೂ ಲೆಕ್ಕ ಹಾಕಿದರೆ ತಿಂಗಳ ಬಹುಪಾಲು ದಿನ ನುಂಗಿದ್ದೇನೆ. ಇಳಕಲ್‌ನವರು ಬರೆದದ್ದನ್ನು ನಮ್ಮ ಯಜಮಾನರಿಗೆ ಓದಲು ಕೊಟ್ಟೆ. ಮುಂದಿನ ವಾರ ಬೆಳಗಾವಿಗೆ ಜೊತೆಯಲ್ಲೇ ಬರುತ್ತೇನೆ ಎಂದಿದ್ದಾರೆ.

ವೈದ್ಯಾಧಿಕಾರಿಗಳಲ್ಲಿ ಇನ್ನೆರಡು ಪ್ರಶ್ನೆಗಳಿವೆ. ನಿಲ್ಲಿಸಿದ ಮೇಲಿನ ಆ ಮೊದಲ ದಿನಗಳನ್ನು ಶಾಲೆ ನಡೆಯುವಾಗಲೇ ಹೇಗೆ ಕಳೆಯುವುದು, ದಸರಾ ರಜೆಯವರೆಗೆ ಕಾಯಬಹುದೇ? ಮತ್ತು ಆ ದಿನಗಳಲ್ಲಿ ಬಡಿಯುವ ನೋವು ಬಂದರೆ ಏನನ್ನೂ ತೆಗೆದುಕೊಳ್ಳದೆ ಸಹಿಸಬೇಕೇ?

ಉತ್ತರ 5: ವೈದ್ಯಾಧಿಕಾರಿ, ಬೆಳಗಾವಿ ಜಿಲ್ಲೆ

ತಜ್ಞರನ್ನು ಕಾಣುವುದನ್ನು ರಜೆಯವರೆಗೆ ಮುಂದೂಡಬೇಡಿ. ತಡೆಯುವ ಔಷಧವನ್ನು ಈಗಲೇ ಆರಂಭಿಸಿ, ನೋವಿನ ಗುಳಿಗೆ ನಿಲ್ಲಿಸುವ ವಾರವನ್ನು ಮಾತ್ರ ರಜೆಗೆ ಹೊಂದಿಸಿಕೊಳ್ಳಲು ಬಹಳ ಸಲ ಸಾಧ್ಯವಾಗುತ್ತದೆ. ರಜೆ ದೂರವಿದ್ದರೆ ಶನಿವಾರ, ಭಾನುವಾರಕ್ಕೆ ಹೊಂದಿಕೊಂಡಂತೆ ಕೆಲವು ದಿನ ವೈದ್ಯಕೀಯ ರಜೆ ತೆಗೆದುಕೊಳ್ಳಿ. ಪ್ರಮಾಣಪತ್ರದಲ್ಲಿ ಮೈಗ್ರೇನ್ ಎಂದೇ ಬರೆಸಿಕೊಳ್ಳಿ, ಜ್ವರವೆಂದು ಬರೆಸುವ ಅಗತ್ಯವಿಲ್ಲ. ಮುಖ್ಯ ಗುರುಗಳಿಗೆ ಮೊದಲೇ ತಿಳಿಸಿದ್ದರೆ, ನೋವು ಬಂದ ದಿನ ಮೊದಲ ಅವಧಿಯಲ್ಲಿ ಮಕ್ಕಳಿಗೆ ಬರವಣಿಗೆಯ ಕೆಲಸ ಕೊಟ್ಟು ಕುಳಿತಾಗ ಯಾರಿಗೂ ಹೊಸದಾಗಿ ವಿವರಣೆ ಕೊಡಬೇಕಾಗುವುದಿಲ್ಲ.

ಸಹಿಸಿಕೊಂಡೇ ಇರಬೇಕೆಂದಿಲ್ಲ. ತಮ್ಮ ಹೊಟ್ಟೆ, ಮೂತ್ರಪಿಂಡ ಸರಿಯಿದ್ದರೆ ಕೆಲವು ದಿನಗಳ ಮಟ್ಟಿಗೆ ನಾಪ್ರೊಕ್ಸೆನ್‌ನಂತಹ ಬೇರೆ ಔಷಧವನ್ನು ವೈದ್ಯರು ಕೊಡುತ್ತಾರೆ. ವಾಂತಿಗೆ ಬೇರೆ ಗುಳಿಗೆ ಇದೆ. ಆ ಅವಧಿ ಮುಗಿದ ಮೇಲೆ ತೀವ್ರ ನೋವಿಗೆ ಟ್ರಿಪ್ಟಾನ್ ಬರೆದುಕೊಡಬಹುದು. ಹೃದಯ ರೋಗವಿದ್ದವರಿಗೆ ಅದು ಸಲ್ಲದು. ಎರ್ಗೊಟಮೈನ್ ನುಂಗಿದ 24 ಗಂಟೆಗಳೊಳಗೆ ಟ್ರಿಪ್ಟಾನ್ ತೆಗೆದುಕೊಳ್ಳಬಾರದು. ಯಾವ ಔಷಧವಾದರೂ ನೋವು ಏರುವ ಮೊದಲೇ, ಆರಂಭದಲ್ಲೇ, ಪೂರ್ಣ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು, ಆದರೆ ವಾರಕ್ಕೆ ಎರಡು ದಿನ ಮೀರಬಾರದು. ಮುಟ್ಟಿನ ಹೊತ್ತಿಗೇ ನೋವು ಬರುವುದು ಗುರುತಿನ ಹಾಳೆಯಿಂದ ಕಂಡುಬಂದರೆ ಅದನ್ನೂ ಹೇಳಿ; ಆ ಕೆಲವು ದಿನಗಳಿಗಷ್ಟೇ ಕೊಡುವ ಚಿಕಿತ್ಸೆ ಬೇರೆ ಇದೆ. ಜನನ ನಿಯಂತ್ರಣದ ಗುಳಿಗೆ ತೆಗೆದುಕೊಳ್ಳುತ್ತಿದ್ದು, ನೋವಿಗೆ ಮುನ್ನ ಕಣ್ಣ ಮುಂದೆ ಮಿನುಗುವ ಗೆರೆಗಳು ಕಾಣುತ್ತಿದ್ದರೆ ಆ ವಿಷಯವನ್ನು ತಪ್ಪದೆ ತಿಳಿಸಬೇಕು, ಏಕೆಂದರೆ ಅವೆರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಇದುವರೆಗೆ ಮಾಡಿಸಿರದಿದ್ದರೆ ಅಲ್ಲಿಯೇ ಮಾಡಿಸಿ. ಬರೆದುಕೊಟ್ಟ ಔಷಧ ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಅಲ್ಲಿಂದಲೇ ಕೊಳ್ಳಬಹುದು, ಗುಣದಲ್ಲಿ ಕೊರತೆಯೇನಿಲ್ಲ. ಮೂರು ತಿಂಗಳ ಗುರುತುಗಳೊಂದಿಗೆ ಅದೇ ವೈದ್ಯರನ್ನು ಮತ್ತೆ ಕಾಣಿರಿ. ಅಷ್ಟರಲ್ಲಿ ನೋವಿನ ದಿನಗಳು ಇಳಿದಿರದಿದ್ದರೆ ಪ್ರಮಾಣ ಹೆಚ್ಚಿಸುತ್ತಾರೆ ಅಥವಾ ಔಷಧ ಬದಲಿಸುತ್ತಾರೆ. ಇಳಿದಿದ್ದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಮುಂದುವರಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತಾರೆ.